ಅರ್ಧಕ್ಕೆ ನಿಂತ ಲಸಿಕೆ, ಒಂದೇ ಡೋಸಿನ ಉತ್ತರ: ಭಾರತದ ಎಚ್‌ಪಿವಿ ಪ್ರಕರಣ

2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗರ್ಭಕಂಠದ ಕ್ಯಾನ್ಸರ್ ತಡೆಯಲು ದೇಶದಲ್ಲಿ ನಡೆಯುತ್ತಿದ್ದ ಎಲ್ಲ ಎಚ್‌ಪಿವಿ ಲಸಿಕಾ ಅಧ್ಯಯನಗಳಲ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಆ ಹೊತ್ತಿಗೆ ಒಂದು ದೊಡ್ಡ ಅಧ್ಯಯನದಲ್ಲಿ 17,729 ಹುಡುಗಿಯರು ಕನಿಷ್ಠ ಒಂದು ಡೋಸ್ ಪಡೆದಿದ್ದರು. ಅವರಲ್ಲಿ 4,949 ಮಂದಿಗೆ ಸಿಕ್ಕಿದ್ದು ಬರೀ ಒಂದೇ ಡೋಸ್. ಉಳಿದ ಡೋಸುಗಳಿಗೆ ಅವರು ಕಾಯುತ್ತಿದ್ದಾಗಲೇ ಆದೇಶ ಬಂದಿತ್ತು. ಲಸಿಕೆ ಅಪೂರ್ಣವಾಯಿತು ಎಂದು ಆಗ ಎಲ್ಲರೂ ಅಂದುಕೊಂಡರು. ಹನ್ನೆರಡು ವರ್ಷಗಳ ನಂತರ, ಹುಡುಗಿಯರಿಗೆ ಒಂದೇ ಡೋಸ್ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದಾಗ, ಆ ಮಾತಿನ ಹಿಂದಿದ್ದ ಮುಖ್ಯ ಆಧಾರಗಳಲ್ಲಿ ಒಂದು ಇದೇ ಹುಡುಗಿಯರಿಂದ ಬಂದಿತ್ತು.

ಈ ಪ್ರಕರಣವನ್ನು ಎರಡು ಕಡೆಯವರೂ ತಮಗೆ ಬೇಕಾದಷ್ಟೇ ಹೇಳುತ್ತಾರೆ. ಲಸಿಕೆಯ ಪರ ಇರುವವರು 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸರಿಯಾದ ಒಪ್ಪಿಗೆಯಿಲ್ಲದೆ ಹುಡುಗಿಯರಿಗೆ ಲಸಿಕೆ ಹಾಕಿದ್ದನ್ನು ಮರೆಸುತ್ತಾರೆ, ವಿರೋಧಿಗಳು ಖಮ್ಮಂನಲ್ಲೇ ಕಥೆ ಮುಗಿಸುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡದೆ ಇದು ಅರ್ಥವಾಗುವುದಿಲ್ಲ.

ರೋಗ ಮತ್ತು ಲಸಿಕೆ

ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರ್ ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವ ಕ್ಯಾನ್ಸರ್. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಪ್ರಕರಣ, 80 ಸಾವಿರದ ಆಸುಪಾಸು ಸಾವು. ಬಹುಪಾಲು ಹೆಂಗಸರು ಆಸ್ಪತ್ರೆಗೆ ಬರುವುದು ಕಾಯಿಲೆ ಬಲಿತ ಮೇಲೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೂ, ಸಂಭೋಗದ ನಂತರ ರಕ್ತ ಹೋದರೂ, ಬಿಳಿ ಸೆರಗು ವಾಸನೆ ಬಂದರೂ ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚ. ಹೇಳಿದರೂ ಮೊದಲು ಉಷ್ಣ ಅನ್ನುತ್ತಾರೆ, ಕಷಾಯ ಮಾಡಿಕೊಡುತ್ತಾರೆ. ತಿಂಗಳುಗಳು ಕಳೆದುಹೋಗುತ್ತವೆ.

ಈ ಕ್ಯಾನ್ಸರಿನ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಮತ್ತು ಅವರ ತಂಡ 1983ರಲ್ಲಿ ಎಚ್‌ಪಿವಿ 16 ಅನ್ನು, ಮರುವರ್ಷ 18 ಅನ್ನು ಗಡ್ಡೆಯ ಅಂಗಾಂಶದಲ್ಲಿ ಗುರುತಿಸಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು. ಜಗತ್ತಿನ ಗರ್ಭಕಂಠ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಈ ಎರಡೇ ಬಗೆಯ ವೈರಸ್ ಕಾರಣ. ಭಾರತದಲ್ಲಿ ಅವುಗಳ ಪಾಲು ಇನ್ನೂ ಹೆಚ್ಚು.

ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಲಸಿಕೆಗೆ ಅಡ್ಡ ಬರುವುದು ಹೆಚ್ಚಾಗಿ ಇದೇ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದ ಕೂಡಲೇ ಅನೇಕರು ಇದನ್ನು ನಡತೆಗೆ ಗಂಟು ಹಾಕುತ್ತಾರೆ. ಮದುವೆಯಾಗಿ ಗಂಡನೊಬ್ಬನನ್ನೇ ಬಲ್ಲ ಹೆಣ್ಣಿಗೂ ಇದು ಬರುತ್ತದೆ. ಲೈಂಗಿಕ ಬದುಕು ಇರುವ ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದದ್ದು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಮಾಡುತ್ತದೆ. ಹಾಗಾಗಿ ಲಸಿಕೆಯ ಅಧ್ಯಯನಗಳಲ್ಲಿ ಹುಡುಕುವುದು ಪಟ್ಟು ಹಿಡಿದು ಉಳಿಯುವ ಸೋಂಕನ್ನು. ಕ್ಯಾನ್ಸರ್ ಬರಲಿ ಎಂದು ಇಪ್ಪತ್ತು ವರ್ಷ ಕಾಯಲಾಗುವುದಿಲ್ಲ.

ಲಸಿಕೆಯಲ್ಲಿ ವೈರಸ್ ಇರುವುದಿಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ ಅದು ತಾನಾಗಿಯೇ ವೈರಸ್ಸಿನ ಆಕಾರದ ಪೊಳ್ಳು ಕಣವಾಗಿ ಜೋಡಿಸಿಕೊಳ್ಳುತ್ತದೆ. ಒಳಗೆ ಆನುವಂಶಿಕ ದ್ರವ್ಯ ಇಲ್ಲದ್ದರಿಂದ ಸೋಂಕು ಹರಡಲು ಸಾಧ್ಯವೇ ಇಲ್ಲ. ಆದರೆ ಒಂದೇ ಆಕಾರ ಸಾಲುಸಾಲಾಗಿ ಕಾಣಿಸುವುದರಿಂದ ದೇಹದ ರಕ್ಷಣಾ ವ್ಯವಸ್ಥೆ ಬಹಳ ಬಲವಾಗಿ ಎಚ್ಚರಗೊಳ್ಳುತ್ತದೆ. ಈಗಾಗಲೇ ತಗಲಿದ ಸೋಂಕನ್ನು ಈ ಲಸಿಕೆ ತೆಗೆಯುವುದಿಲ್ಲ. ಆದ್ದರಿಂದಲೇ ಸೋಂಕಿಗೆ ಒಡ್ಡಿಕೊಳ್ಳುವ ಮುನ್ನ, 9ರಿಂದ 14ರ ವಯಸ್ಸಿನಲ್ಲಿ ಕೊಡುವುದು.

ಖಮ್ಮಂ, 2009

ಭಾರತದಲ್ಲಿ ಈ ಲಸಿಕೆಗೆ 2008ರಲ್ಲಿ ಅನುಮತಿ ಸಿಕ್ಕಿತು. ಆಗಿನ ಕ್ರಮದಂತೆ ಆರು ತಿಂಗಳಲ್ಲಿ ಮೂರು ಡೋಸ್. ಸಾವಿರಾರು ರೂಪಾಯಿಯ ಬಾಬತ್ತು. ಸರ್ಕಾರಿ ವ್ಯವಸ್ಥೆಯ ಮೂಲಕ ಇದನ್ನು ಕೊಡಲು ಆಗುತ್ತದೆಯೇ ಎಂದು ನೋಡಲು ಅಮೆರಿಕ ಮೂಲದ ಪಾತ್ ಎಂಬ ಸ್ವಯಂಸೇವಾ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಎರಡು ರಾಜ್ಯ ಸರ್ಕಾರಗಳು ಸೇರಿ 2009ರಲ್ಲಿ ಪ್ರಾತ್ಯಕ್ಷಿಕೆ ಯೋಜನೆಯೊಂದನ್ನು ಶುರುಮಾಡಿದವು. ಆಗ ಆಂಧ್ರಪ್ರದೇಶದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ ಹುಡುಗಿಯರಿಗೆ ಗಾರ್ಡಸಿಲ್ ಎಂಬ ಎಚ್‌ಪಿವಿ ಲಸಿಕೆ, ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಸುಮಾರು 10 ಸಾವಿರ ಹುಡುಗಿಯರಿಗೆ ಸರ್ವಾರಿಕ್ಸ್ ಎಂಬ ಇನ್ನೊಂದು ಎಚ್‌ಪಿವಿ ಲಸಿಕೆ. ಎಲ್ಲರೂ 10ರಿಂದ 14 ವರ್ಷದವರು. ಲಸಿಕೆಯನ್ನು ತಯಾರಕ ಕಂಪನಿಗಳು ಉಚಿತವಾಗಿ ಕೊಟ್ಟಿದ್ದವು.

ಖಮ್ಮಂನ ಭದ್ರಾಚಲಂ ಭಾಗ ಗೋದಾವರಿ ದಂಡೆಯ ಆದಿವಾಸಿ ಪ್ರದೇಶ. ಊರಲ್ಲಿ ಶಾಲೆ ಇಲ್ಲದ್ದಕ್ಕೆ ಅಲ್ಲಿನ ಎಷ್ಟೋ ಹೆಣ್ಣುಮಕ್ಕಳು ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದರು. ಅಪ್ಪ ಅಮ್ಮ ದೂರದ ಹಳ್ಳಿಯಲ್ಲಿ. ಲಸಿಕೆಯ ಒಪ್ಪಿಗೆ ಪತ್ರ ಬಂದಾಗ ಸಹಿ ಹಾಕಿದವರು ಯಾರು? ಮುಂದೆ ಪರಿಶೀಲನೆಗೆ ಬಂದ ಖಮ್ಮಂನ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಇನ್ನು 1,948ರ ಮೇಲೆ ಇದ್ದದ್ದು ಹೆಬ್ಬೆಟ್ಟು.

ಹೆಬ್ಬೆಟ್ಟು ಒತ್ತಿದವರಿಗೆ ವಿಷಯ ತಿಳಿದಿರಲಾರದು ಎಂದು ನಾನು ಹೇಳುತ್ತಿಲ್ಲ. ಓದುಬರಹ ಬಾರದ ತಾಯಿಗೂ ಕೂರಿಸಿಕೊಂಡು ಹೇಳಿದರೆ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೆ ಹಾಗೆ ಕೂರಿಸಿಕೊಂಡು ಹೇಳಿದ್ದಕ್ಕೆ ದಾಖಲೆ ಇರಲಿಲ್ಲ. ವಾರ್ಡನ್ ವಿಚಾರವಂತೂ ಇನ್ನೂ ಸರಳ: ಮಗುವಿನ ಊಟ ವಸತಿಗೆ ಹೊಣೆಯಾದವರು ಅದರ ಮೈಗೆ ಏನು ಚುಚ್ಚಬೇಕು ಎಂದು ತೀರ್ಮಾನಿಸುವ ತಂದೆತಾಯಿ ಆಗಿಬಿಡುವುದಿಲ್ಲ. ದೂರದ ಊರಿಗೆ ಒಬ್ಬರನ್ನು ಕಳಿಸಿ ಕೇಳಿಸಬಹುದಿತ್ತು. ರಜೆಗೆ ಹುಡುಗಿಯರು ಮನೆಗೆ ಹೋಗುವಾಗ ಪತ್ರ ಕಳಿಸಿ, ಬಂದ ಮೇಲೆ ಲಸಿಕೆ ಹಾಕಬಹುದಿತ್ತು. ಈ ವೈರಸ್ ಒಂದೆರಡು ತಿಂಗಳಲ್ಲಿ ಆ ಮಕ್ಕಳನ್ನು ಕೊಲ್ಲುತ್ತಿರಲಿಲ್ಲ, ಅವಸರಕ್ಕೆ ಯಾವ ಕಾರಣವೂ ಇರಲಿಲ್ಲ.

ಏಳು ಸಾವು

ಯೋಜನೆಯ ಅವಧಿಯಲ್ಲಿ ಲಸಿಕೆ ಪಡೆದವರ ಪೈಕಿ ಏಳು ಹುಡುಗಿಯರು ತೀರಿಕೊಂಡರು, ಆಂಧ್ರದಲ್ಲಿ ಐವರು, ಗುಜರಾತಿನಲ್ಲಿ ಇಬ್ಬರು. ಸಮಾ ಎಂಬ ಮಹಿಳಾ ಆರೋಗ್ಯ ಸಂಘಟನೆಯವರು 2010ರ ಮಾರ್ಚ್‌ನಲ್ಲಿ ಭದ್ರಾಚಲಂಗೆ ಹೋಗಿ ವಿಚಾರಿಸಿ ಬಂದ ಮೇಲೆ ಸುದ್ದಿ ದೇಶದ ತುಂಬ ಹರಡಿತು. ಏಪ್ರಿಲ್‌ನಲ್ಲಿ ಯೋಜನೆ ನಿಂತಿತು.

ತನಿಖೆಯಲ್ಲಿ ಕಂಡದ್ದು ಇಷ್ಟು. ಒಬ್ಬಳು ಕಲ್ಲುಕ್ವಾರಿಯ ನೀರಲ್ಲಿ ಮುಳುಗಿದ್ದಳು. ಒಬ್ಬಳಿಗೆ ಹಾವು ಕಚ್ಚಿತ್ತು. ಇಬ್ಬರು ಕೀಟನಾಶಕ ಕುಡಿದಿದ್ದರು. ಒಬ್ಬಳು ಮಲೇರಿಯಾ ಉಲ್ಬಣಿಸಿ ಸತ್ತಿದ್ದಳು. ಉಳಿದ ಇಬ್ಬರ ಕಾರಣ ಅಷ್ಟು ಖಚಿತವಾಗಲಿಲ್ಲ. ಒಬ್ಬಳಿಗೆ ವಿಪರೀತ ಜ್ವರ, ಇನ್ನೊಬ್ಬಳಿಗೆ ಮಿದುಳಿನ ರಕ್ತಸ್ರಾವದ ಶಂಕೆ. ಈ ಸಾವುಗಳಿಗೂ ಲಸಿಕೆಗೂ ಸಂಬಂಧ ಇರುವ ಸಾಧ್ಯತೆ ಇಲ್ಲವೆಂದೇ ತನಿಖಾ ಸಮಿತಿ ಹೇಳಿತು. ಅದೇ ಸಮಿತಿ, ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳಿದ್ದವು ಎಂದೂ ಹೇಳಿತು. 2013ರ ಆಗಸ್ಟ್ 30ರಂದು ಬಂದ ಸಂಸದೀಯ ಸ್ಥಾಯಿ ಸಮಿತಿಯ 72ನೇ ವರದಿ ಇನ್ನೂ ಕಟುವಾಗಿತ್ತು. ಹೆಣ್ಣುಮಕ್ಕಳ ಹಕ್ಕುಗಳನ್ನು ಸಾರಾಸಗಟಾಗಿ ಉಲ್ಲಂಘಿಸಲಾಗಿದೆ, ಅಡ್ಡಪರಿಣಾಮ ಕಂಡರೆ ದಾಖಲಿಸುವ ಸರಿಯಾದ ವ್ಯವಸ್ಥೆಯೇ ಇರಲಿಲ್ಲ ಎಂದಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸಂಸದೀಯ ಸಮಿತಿಯ ವರದಿಯನ್ನು ನ್ಯಾಯಾಲಯ ಆಧಾರವಾಗಿ ನೋಡಬಹುದೇ ಎಂಬ ಪ್ರಶ್ನೆ ಸಂವಿಧಾನ ಪೀಠದವರೆಗೂ ಹೋಗಿ, ನೋಡಬಹುದು ಎಂದು 2018ರ ಮೇ ತಿಂಗಳಲ್ಲಿ ತೀರ್ಪಾಯಿತು.

ನನ್ನ ಅಭಿಪ್ರಾಯ ಸ್ಪಷ್ಟ. ಖಮ್ಮಂನವರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನಿಂದ ಹುಟ್ಟಿದ ಲಸಿಕೆಯ ಭಯ ಮಾತ್ರ ತಪ್ಪು ವಿಳಾಸಕ್ಕೆ ಹೋಯಿತು. ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆ ಮೊದಲಿನಿಂದಲೇ ಗಟ್ಟಿಯಾಗಿದ್ದಿದ್ದರೆ, ಪ್ರತಿ ಸಾವಿನ ಕಾರಣವನ್ನು ವಾರದೊಳಗೆ ಹುಡುಕಿ ಊರಿನವರ ಮುಂದೆ ಇಡಬಹುದಿತ್ತು. ತಿಂಗಳುಗಟ್ಟಲೆ ಮೌನವಿದ್ದಾಗ ಜನ ತಾವೇ ಕಾರಣ ಹುಡುಕಿಕೊಳ್ಳುತ್ತಾರೆ. ಅದು ಜನರ ತಪ್ಪಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇದೇ ಹೊತ್ತಿಗೆ ದೇಶದ ಬೇರೆ ಒಂಬತ್ತು ಕೇಂದ್ರಗಳಲ್ಲಿ ಸಂಪೂರ್ಣ ಬೇರೆಯದೇ ಅಧ್ಯಯನ ನಡೆಯುತ್ತಿತ್ತು. ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಡಾ. ರೆಂಗಸ್ವಾಮಿ ಶಂಕರನಾರಾಯಣನ್ ಅದರ ಮುಂದಾಳು. ಮೂರು ಡೋಸಿನ ಬದಲು ಎರಡು ಸಾಕೇ ಎಂಬುದು ಅವರ ಪ್ರಶ್ನೆ. 10ರಿಂದ 18 ವರ್ಷದ 20 ಸಾವಿರ ಅವಿವಾಹಿತ ಹುಡುಗಿಯರಿಗೆ, ಅರ್ಧದಷ್ಟು ಮಂದಿಗೆ ಮೂರು, ಇನ್ನರ್ಧಕ್ಕೆ ಎರಡು ಡೋಸ್ ಗಾರ್ಡಸಿಲ್ ಕೊಡುವುದೆಂದು 2009ರ ಸೆಪ್ಟೆಂಬರಿನಲ್ಲಿ ಕೆಲಸ ಶುರುವಾಗಿತ್ತು. ದೆಹಲಿ, ಮುಂಬೈ, ಪುಣೆ, ಹೈದರಾಬಾದ್, ಮಿಜೋರಾಂ, ಸಿಕ್ಕಿಂ, ತಮಿಳುನಾಡಿನ ಅಂಬಿಳಿಕ್ಕೈ, ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಎಲ್ಲ ಅದರಲ್ಲಿದ್ದವು. ಬಾರ್ಶಿ ಅಂದರೆ ಕಲಬುರಗಿ, ವಿಜಯಪುರದವರಿಗೆ ದೂರದ ಊರೇನಲ್ಲ.

ಖಮ್ಮಂನಲ್ಲಿ ಆದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಆದೇಶ ಎಲ್ಲಕ್ಕೂ ಅನ್ವಯಿಸಿತು. ಹುಡುಗಿಯರು ಯಾವ ಹಂತದಲ್ಲಿದ್ದರೋ ಅಲ್ಲೇ ನಿಂತರು. 4,348 ಮಂದಿಗೆ ಮೂರೂ ಡೋಸ್ ಆಗಿತ್ತು. 4,980 ಮಂದಿಗೆ ಆರು ತಿಂಗಳ ಅಂತರದ ಎರಡು ಡೋಸ್. 3,452 ಮಂದಿಗೆ ಎರಡು ತಿಂಗಳ ಅಂತರದಲ್ಲಿ ಎರಡು ಡೋಸ್ ಆಗಿ ಮೂರನೆಯದು ತಪ್ಪಿತ್ತು. ಉಳಿದವರೇ ಒಂದೇ ಡೋಸ್ ಸಿಕ್ಕ ಆ 4,949.

ಸಂಶೋಧಕರ ಮುಂದೆ ಎರಡು ದಾರಿ ಇತ್ತು: ಅಧ್ಯಯನ ಕೆಟ್ಟಿತು ಎಂದು ಮುಚ್ಚುವುದು, ಅಥವಾ ಇರುವ ಸ್ಥಿತಿಯಲ್ಲೇ ಎಲ್ಲರನ್ನೂ ಗಮನಿಸುತ್ತ ಹೋಗುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸುವುದು ಈ ನಿರ್ಧಾರವೇ.

ಯಾಕೆಂದರೆ ಆ ಕೆಲಸ ಹೇಗಿತ್ತು ನೋಡಿ. ಗರ್ಭಕಂಠದ ಮಾದರಿಯನ್ನು ಮದುವೆಯಾಗದ ಹುಡುಗಿಯಿಂದ ತೆಗೆಯುವಂತಿಲ್ಲ. ಹಾಗಾಗಿ ಪ್ರತಿಯೊಬ್ಬಳ ಮದುವೆ ಆಗುವವರೆಗೆ ಕಾಯಬೇಕು. ಮದುವೆಯಾಗಿ 18 ತಿಂಗಳು ಅಥವಾ ಮೊದಲ ಹೆರಿಗೆಯಾಗಿ ಆರು ತಿಂಗಳು, ಯಾವುದು ಮೊದಲೋ ಆಗ ಮೊದಲ ಮಾದರಿ. ಆಮೇಲೆ ವರ್ಷಕ್ಕೊಂದರಂತೆ ಒಟ್ಟು ನಾಲ್ಕು. ನಮ್ಮಲ್ಲಿ ಹುಡುಗಿ ಮದುವೆಯಾಗಿ ಇನ್ನೊಂದು ಊರಿಗೆ ಹೋಗುತ್ತಾಳೆ, ಫೋನ್ ನಂಬರ್ ಬದಲಾಗುತ್ತದೆ, ಹೆಸರಿನ ಹಿಂದಿನ ಮನೆತನದ ಹೆಸರೂ ಬದಲಾಗಬಹುದು. ಅತ್ತೆ ಮನೆಯಲ್ಲಿ ಹೊಸ ಸೊಸೆಯನ್ನು ಆಸ್ಪತ್ರೆಗೆ ಕರೆದರೆ ನೂರು ಪ್ರಶ್ನೆ. ಇಷ್ಟರ ನಡುವೆಯೂ ಸಾವಿರಾರು ಹೆಣ್ಣುಮಕ್ಕಳು ವರ್ಷ ವರ್ಷ ಬಂದು ಮಾದರಿ ಕೊಟ್ಟರು. ಅವರಿಗೆ ಅದರಿಂದ ತಕ್ಷಣದ ಲಾಭವೇನೂ ಇರಲಿಲ್ಲ. ಹೋಲಿಕೆಗಾಗಿ ಅದೇ ಪ್ರದೇಶಗಳಿಂದ ಲಸಿಕೆ ಪಡೆಯದ, ಅದೇ ವಯಸ್ಸಿನ ವಿವಾಹಿತೆಯರನ್ನೂ ಸೇರಿಸಿಕೊಳ್ಳಲಾಯಿತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ವೈರಸ್ಸಿನ ಬಗೆಗಳ ಪರೀಕ್ಷೆ ನಡೆಯಿತು.

ಉತ್ತರ

2021ರಲ್ಲಿ ಡಾ. ಪಾರ್ಥ ಬಸು ಮತ್ತು ಸಂಗಡಿಗರು ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ಎಚ್‌ಪಿವಿ 16 ಮತ್ತು 18ರ ಪಟ್ಟು ಬಿಡದ ಸೋಂಕಿನ ವಿರುದ್ಧ ಮೂರು ಡೋಸಿನ ರಕ್ಷಣೆ ಶೇ 93.3. ಎರಡು ಡೋಸಿನದು ಶೇ 93.1. ಒಂದೇ ಡೋಸಿನದು ಶೇ 95.4. ಒಂದು ಡೋಸಿನ ಗುಂಪಿನಲ್ಲಿ ಪರೀಕ್ಷೆಗೆ ಸಿಕ್ಕವರು 2,135 ಮಂದಿ, ಗಮನಿಸಿದ ಅವಧಿ ಸರಾಸರಿ ಒಂಬತ್ತು ವರ್ಷ.

ಒಂದು ಡೋಸ್ ಮೂರಕ್ಕಿಂತ ಹೆಚ್ಚು ಒಳ್ಳೆಯದು ಎಂದು ಇದನ್ನು ಓದಬಾರದು. ಮೂರೂ ಅಂಕಿಗಳ ಸುತ್ತ ಇರುವ ಅನಿಶ್ಚಿತತೆಯ ವ್ಯಾಪ್ತಿ ಒಂದರ ಮೇಲೊಂದು ಬೀಳುತ್ತದೆ. ಮೂರೂ ಸಮ ಎನ್ನುವುದೇ ಸರಿಯಾದ ಓದು. ಒಂದು ಡೋಸ್ ಪಡೆದವರ ರಕ್ತದಲ್ಲಿ ಪ್ರತಿಕಾಯಗಳ ಮಟ್ಟ ಮೂರು ಡೋಸಿನವರಿಗಿಂತ ಕಡಿಮೆಯೇ ಇತ್ತು. ಆದರೆ ಆ ಕಡಿಮೆ ಮಟ್ಟವೂ ವರ್ಷಗಟ್ಟಲೆ ಕುಸಿಯದೆ ನಿಂತಿತು, ಸೋಂಕು ತಡೆಯಲು ಅಷ್ಟೇ ಸಾಕಾಯಿತು. ಸರಾಸರಿ 12 ವರ್ಷ ಕಳೆದ ಮೇಲಿನ ವರದಿಯಲ್ಲೂ ರಕ್ಷಣೆ ಶೇ 90ರ ಮೇಲೆಯೇ ಇದೆ.

ಇಲ್ಲೊಂದು ಗಂಭೀರ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಯಾರಿಗೆ ಒಂದು ಡೋಸ್ ಎಂದು ಮೊದಲೇ ಚೀಟಿ ಎತ್ತಿ ಹಂಚಿರಲಿಲ್ಲ. ಹಾಗಿದ್ದಾಗ ಒಂದು ಡೋಸಿನ ಗುಂಪು ಬೇರೆ ಯಾವುದೋ ಕಾರಣಕ್ಕೆ ಕಡಿಮೆ ಸೋಂಕಿನವರಾಗಿರಬಹುದಲ್ಲ? ಸಾಮಾನ್ಯವಾಗಿ ಡೋಸ್ ತಪ್ಪಿಸಿಕೊಳ್ಳುವವರು ಬಡವರು, ದೂರದಲ್ಲಿರುವವರು, ಕಾಯಿಲೆಯವರು. ಅಂಥವರನ್ನು ಪೂರ್ತಿ ಡೋಸ್ ಪಡೆದವರೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆದರೆ ಇಲ್ಲಿ ಡೋಸ್ ತಪ್ಪಿದ್ದು ದೆಹಲಿಯ ಒಂದು ಆದೇಶದಿಂದ. ಹುಡುಗಿಯ ಮನೆಯ ಸ್ಥಿತಿಗೂ ಅದಕ್ಕೂ ನಂಟಿಲ್ಲ. ಈ ಒಂದು ಕಾರಣಕ್ಕೆ ಈ ಅಧ್ಯಯನಕ್ಕೆ ಇಷ್ಟು ತೂಕ ಬಂತು. ಉಳಿದ ಅನುಮಾನಕ್ಕೆ ಕೆನ್ಯಾದಿಂದ ಉತ್ತರ ಸಿಕ್ಕಿತು. ಅಲ್ಲಿ 15ರಿಂದ 20 ವರ್ಷದ 2,275 ಯುವತಿಯರನ್ನು ಮೊದಲೇ ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ, 18 ತಿಂಗಳ ಹೊತ್ತಿಗೆ ಒಂದು ಡೋಸಿನ ರಕ್ಷಣೆ ಶೇ 97.5 ಎಂದು 2022ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಒಂದು ಡೋಸಿಗೆ ಒಪ್ಪಿತು, ಡಿಸೆಂಬರ್‌ನಲ್ಲಿ ಸಂಸ್ಥೆಯ ಅಧಿಕೃತ ನಿಲುವು ಬಂತು. 2023ರಲ್ಲಿ ಆಸ್ಟ್ರೇಲಿಯಾ, ಬ್ರಿಟನ್ ಒಂದು ಡೋಸಿಗೆ ಬದಲಾದವು. 2024ರ ಹೊತ್ತಿಗೆ 50ಕ್ಕೂ ಹೆಚ್ಚು ದೇಶಗಳು ಆ ದಾರಿಯಲ್ಲಿದ್ದವು. ನಮ್ಮಂಥ ದೇಶಕ್ಕೆ ಇದರ ಅರ್ಥ ದೊಡ್ಡದು. ಮೂವರಿಗೆ ಬೇಕಾದ ಲಸಿಕೆಯಲ್ಲಿ ಈಗ ಒಂಬತ್ತು ಹುಡುಗಿಯರಿಗೆ ಕೊಡಬಹುದು. ಆರೋಗ್ಯ ಸಹಾಯಕಿ ಐಸ್ ಪ್ಯಾಕ್ ತುಂಬಿದ ಲಸಿಕೆ ಡಬ್ಬಿ ಹೊತ್ತು ಶಾಲೆಗೆ ಒಮ್ಮೆ ಹೋದರೆ ಸಾಕು. ಆರು ತಿಂಗಳ ನಂತರ ಶಾಲೆ ಬಿಟ್ಟು ಹೋದ ಹುಡುಗಿಯನ್ನು ಹುಡುಕುವ ಪ್ರಮೇಯವಿಲ್ಲ. ಅಂಥ ಹುಡುಗಿಗೇ ಮುಂದೆ ಈ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದನ್ನೂ ನೆನಪಿಡಬೇಕು, ಯಾಕೆಂದರೆ ಓದು ಬಿಟ್ಟವಳಿಗೆ ಬೇಗ ಮದುವೆ, ತಪಾಸಣೆಯೂ ಸಿಗುವುದಿಲ್ಲ.

ಕಳೆದುಹೋದ ವರ್ಷಗಳು

2010ರಿಂದ ಮುಂದೆ ಬಹಳ ಕಾಲ ಈ ಲಸಿಕೆಯ ಹೆಸರೆತ್ತಲೂ ಸರ್ಕಾರಗಳು ಹಿಂಜರಿದವು. ಅದೇ ಅವಧಿಯಲ್ಲಿ ಬೇರೆ ದೇಶಗಳಲ್ಲಿ ಏನಾಯಿತು? ಸ್ವೀಡನ್‌ನಲ್ಲಿ 17 ವರ್ಷಕ್ಕೆ ಮುನ್ನ ಲಸಿಕೆ ಪಡೆದವರಲ್ಲಿ ಗರ್ಭಕಂಠ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಎಂದು 2020ರಲ್ಲಿ ಗೊತ್ತಾಯಿತು. ಸ್ಕಾಟ್ಲೆಂಡ್‌ನಲ್ಲಿ 2008ರಿಂದ ಶುರುವಾದ ಕಾರ್ಯಕ್ರಮದಲ್ಲಿ 12-13ರ ವಯಸ್ಸಿಗೆ ಲಸಿಕೆ ಪಡೆದವರಲ್ಲಿ ಒಂದೂ ಗರ್ಭಕಂಠ ಕ್ಯಾನ್ಸರ್ ಕಂಡಿಲ್ಲ ಎಂದು 2024ರಲ್ಲಿ ವರದಿಯಾಯಿತು. 27 ಕೋಟಿಗೂ ಹೆಚ್ಚು ಡೋಸ್ ಹಂಚಿಕೆಯಾದ ಮೇಲೆ, 2017ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಇದು ಅತ್ಯಂತ ಸುರಕ್ಷಿತ ಎಂದಿತು. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಸುಮಾರು ಎರಡು. ಸಾಮಾನ್ಯವಾಗಿ ಕಾಣುವುದು ತೋಳು ನೋವು, ಸಣ್ಣ ಜ್ವರ, ಸೂಜಿ ಕಂಡು ತಲೆ ಸುತ್ತಿ ಬೀಳುವುದು. ಅದಕ್ಕೇ ಲಸಿಕೆ ಆದ ಮೇಲೆ ಹದಿನೈದು ನಿಮಿಷ ಕೂರಿಸುವುದು.

ನಮ್ಮಲ್ಲಿ ನಂಬಿಕೆಯನ್ನು ಮತ್ತೆ ಕಟ್ಟಬಹುದು ಎಂದು ತೋರಿಸಿದ್ದು ಪುಟ್ಟ ಸಿಕ್ಕಿಂ. 2018ರಲ್ಲಿ ಆ ರಾಜ್ಯ 9ರಿಂದ 13 ವರ್ಷದ ಸುಮಾರು 25 ಸಾವಿರ ಹುಡುಗಿಯರಿಗೆ ಶಾಲೆಗಳ ಮೂಲಕ ಲಸಿಕೆ ಕೊಟ್ಟಿತು, ಶೇ 95ಕ್ಕೂ ಹೆಚ್ಚು ಮಂದಿಗೆ ತಲುಪಿತು. ಲಸಿಕೆ ಹಾಕುವ ಮೊದಲು ಶಿಕ್ಷಕರು, ವೈದ್ಯರು, ಪತ್ರಕರ್ತರು, ಪೋಷಕರು ಎಲ್ಲರೊಂದಿಗೂ ಮಾತಾಡಿ ಮುಗಿಸಿದ್ದರು. ಖಮ್ಮಂನಲ್ಲಿ ಆಗದೇ ಹೋದದ್ದು ಇದೇ. ಲಸಿಕೆಯ ಬಗೆ ಬದಲಾಗಿರಲಿಲ್ಲ, ಕೇಳುವ ರೀತಿ ಬದಲಾಗಿತ್ತು. 2023ರ ಜನವರಿಯಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಬಂದ ಮೇಲೆ ದೇಶದಲ್ಲೇ ತಯಾರಾದ ಲಸಿಕೆಯೂ ಕೈಗೆ ಸಿಕ್ಕಿತು.

ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ ಪೋಷಕರು ಸಹಿ ಹಾಕುವ ಮುನ್ನ ಕೇಳಬೇಕು: ಯಾವ ಲಸಿಕೆ, ಯಾವ ರೋಗಕ್ಕೆ, ಹಾಕಿದ ಮೇಲೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಬೇಡ ಎಂದರೆ ಮಗಳಿಗೆ ಶಾಲೆಯಲ್ಲಿ ತೊಂದರೆ ಇದೆಯೇ. ಕೇಳಿದವರನ್ನು ಲಸಿಕೆ ವಿರೋಧಿ ಎಂದು ಗದರಬಾರದು. ಉತ್ತರ ಸಿಕ್ಕ ಮೇಲೆ ಹೆಚ್ಚಿನವರು ಒಪ್ಪುತ್ತಾರೆ, ಸಿಕ್ಕಿಂನಲ್ಲಿ ಒಪ್ಪಿದ್ದಾರೆ. ನನ್ನನ್ನು ಯಾರು ಕೇಳಿದರೂ ಮಗಳಿಗೆ ಹಾಕಿಸಿ ಎಂದೇ ಹೇಳುತ್ತೇನೆ.

ಇನ್ನೊಂದು ಕೆಲಸ ಬಾಕಿ ಇದೆ. ಮಗಳ ಲಸಿಕೆ ತಾಯಿಯನ್ನು ಕಾಯುವುದಿಲ್ಲ. ಬಾರ್ಶಿಯ ಪಕ್ಕದ ಉಸ್ಮಾನಾಬಾದ್, ಈಗಿನ ಧಾರಾಶಿವ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.3 ಲಕ್ಷ ಹೆಂಗಸರ ನಡುವೆ ನಡೆದ ಅಧ್ಯಯನದಲ್ಲಿ, ಎಚ್‌ಪಿವಿ ಪರೀಕ್ಷೆಗೆ ಒಂದೇ ಸಲ ಒಳಪಡಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿಯಿತು ಎಂದು 2009ರಲ್ಲೇ ಪ್ರಕಟವಾಗಿದೆ. ಅದರ ಮುಂದಾಳೂ ಶಂಕರನಾರಾಯಣನ್ ಅವರೇ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗರ್ಭಕಂಠದ ತಪಾಸಣೆ ಆಗಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಖಮ್ಮಂನಲ್ಲಿ 2009ರಲ್ಲಿ 14 ವರ್ಷದವಳಾಗಿದ್ದ ಹುಡುಗಿಗೆ 2025ಕ್ಕೆ 30 ತುಂಬಿದೆ. ಲಸಿಕೆಯಲ್ಲಿ ಇಲ್ಲದ ಬಗೆಯ ವೈರಸ್‌ಗಳೂ ಇರುವುದರಿಂದ ಅವಳಿಗೂ ತಪಾಸಣೆ ಬೇಕು. ಅವಳಿಗೆ ಅಂದು ಯಾವ ಲಸಿಕೆ ಹಾಕಿದರು, ಎಷ್ಟು ಡೋಸ್ ಎಂಬ ಚೀಟಿ ಅವಳ ಕೈಗೆ ಸಿಗಬೇಕು, ಈ ಸಲ ಸಹಿ ಅವಳದೇ ಆಗಿರಬೇಕು.